ಎರಡು ವರ್ಷದ ಮಗುವಿಗೊಂದು ಸಿನಿಮಾ ಹುಟ್ಟುಹಬ್ಬ



ನಮ್ಮ ಗಡಿನಾಡಿನಲ್ಲಿ ಕನ್ನಡದ ಮನೆಯವರು ಹುಟ್ಟುಹಬ್ಬ ಎನ್ನುವುದನ್ನು ಮಲಯಾಳದ ಮನೆಯವರು ಪಿರನ್ನಾಳ್ ಎನ್ನುತ್ತಾರೆ. ಜನ್ಮನಕ್ಷತ್ರ ನೋಡಿ, ದೇವಸ್ಥಾನಕ್ಕೆ ಹೋಗಿ ಬಂದು, ಎಲೆ ಹಾಕಿ ಪಾಯಸ ಬಡಿಸಿದರೆ ಎರಡೂ ಕಡೆ ಹಬ್ಬ ಪೂರ್ತಿಯಾಗುತ್ತಿತ್ತು. ಈಗ ಅದರ ಜೊತೆಗೆ ಹೊಸದೊಂದು ಸೇರಿಕೊಂಡಿದೆ. ಒಂದು ಸಿನಿಮಾವನ್ನು ಆರಿಸಿ, ಅದರಂತೆಯೇ ಪರದೆ, ಅದರಂತೆಯೇ ಕೇಕು, ಅದರಂತೆಯೇ ಮಗುವಿನ ಉಡುಪು ಮಾಡಿಸುವುದು. ಮಂಜೇಶ್ವರ, ಉಪ್ಪಳ, ಬದಿಯಡ್ಕ, ಕಾಸರಗೋಡು, ಯಾವ ಪೇಟೆಯ ಸಭಾಭವನಕ್ಕೆ ಹೋದರೂ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡ ಎರಡು ವರ್ಷದ ನಾಯಕನ ಫ್ಲೆಕ್ಸ್ ನಮ್ಮನ್ನು ಸ್ವಾಗತಿಸುತ್ತದೆ.

ಇದನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಯಕ್ಷಗಾನದ ಕೃಷ್ಣನ ಕಿರೀಟವನ್ನು ಮೊಮ್ಮಗನ ತಲೆಯ ಮೇಲೆ ಇಟ್ಟು ನೋಡಿ ಸಂತೋಷಪಟ್ಟವರು ನಮ್ಮ ಅಜ್ಜಂದಿರೂ ಹೌದು. ನನ್ನ ಮಾತು ಇಷ್ಟೆ: ಎರಡು ವರ್ಷದ ಮಗುವಿಗೆ ಸಿನಿಮಾದ ಕತೆ ಗೊತ್ತಿಲ್ಲ, ನಾಯಕನ ಹೆಸರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಪ್ರಾಣಿ, ಒಂದು ಹಾಡಿನ ತಾಳ, ಅಮ್ಮನ ಸೊಂಟ. ಹಾಗಾಗಿ ಮಗುವನ್ನು ಎತ್ತಿ ಸಿನಿಮಾದ ವೇದಿಕೆಯ ಮೇಲೆ ನಿಲ್ಲಿಸುವ ಬದಲು, ಸಿನಿಮಾವನ್ನೇ ಇಳಿಸಿ ಮಗುವಿನ ಎತ್ತರಕ್ಕೆ ತರಬೇಕು. ಅದು ಹೇಗೆ ಎಂದು ಈಗ ನೋಡೋಣ.

ಮೊದಲನೆಯದು ಸಿನಿಮಾದ ಆಯ್ಕೆ. ಇದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದರಲ್ಲಿ ಮಗು ಈಗಾಗಲೇ ಗುರುತಿಸುವಂಥದ್ದು ಏನಾದರೂ ಇದೆಯೇ? ಮಗು ಹೆದರುವಂಥದ್ದು ಏನಾದರೂ ಇದೆಯೇ? ಕರೆಯಲಿರುವ ನೆರೆಹೊರೆಯವರಿಗೆಲ್ಲ, ಕನ್ನಡದವರಿಗೂ ಮಲಯಾಳದವರಿಗೂ, ಅದು ತಿಳಿಯುತ್ತದೆಯೇ?

‘ಕಾಂತಾರ’ ಬೇಕು ಎನ್ನುವವರು ಬಹಳ ಮಂದಿ. 2022ರಲ್ಲಿ ಬಂದ ಆ ಚಿತ್ರವನ್ನು ನಮ್ಮ ಊರಿನವರೂ ಮೆಚ್ಚಿ ನೋಡಿದ್ದಾರೆ. ಆದರೆ ಭೂತಕೋಲ ಮತ್ತು ತೆಯ್ಯಂ ನಮ್ಮಲ್ಲಿ ಇಂದಿಗೂ ಆರಾಧನೆ. ಅದನ್ನು ಕಟ್ಟುವವರಿಗೆ ವ್ರತವಿದೆ, ನಿಯಮವಿದೆ. ಆ ಬಣ್ಣ, ಆ ಮುಡಿಯನ್ನು ಕೇಕಿನ ಮೇಲೆ ಇಡುವುದು ಪಕ್ಕದ ಮನೆಯವರ ಮನಸ್ಸನ್ನು ನೋಯಿಸೀತು. 2025ರ ಅಕ್ಟೋಬರಿನಲ್ಲಿ ‘ಕಾಂತಾರ: ಅಧ್ಯಾಯ 1’ ತೆರೆಕಂಡಾಗ, ದೈವದ ವೇಷವನ್ನು ಅನುಕರಿಸಬೇಡಿ ಎಂದು ಚಿತ್ರದ ನಿರ್ಮಾಣ ಸಂಸ್ಥೆಯೇ ಪ್ರೇಕ್ಷಕರಲ್ಲಿ ವಿನಂತಿಸಿತ್ತು. ಅದಲ್ಲದೆ, ಬಣ್ಣ ಬಳಿದ ಅಪ್ಪನ ಮುಖವನ್ನು ಕಂಡು ಎರಡು ವರ್ಷದ ಮಗು ಚೀರಿ ಅಳದಿದ್ದರೆ ಆಶ್ಚರ್ಯ.

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಇನ್ನೊಂದು ಚಿತ್ರವಿದೆ: 2018ರಲ್ಲಿ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಅದು, ಮುಚ್ಚುವ ಸ್ಥಿತಿಗೆ ಬಂದ ಕನ್ನಡ ಶಾಲೆಯೊಂದರ ಕತೆ. ಗಂಟೆ, ಸ್ಲೇಟು, ಬೆಂಚು ಇಟ್ಟು ಅದನ್ನು ಚೆನ್ನಾಗಿ ಮಾಡಬಹುದು. ಆದರೆ ಶಾಲೆಯ ಮೆಟ್ಟಿಲು ಹತ್ತದ ಮಗುವಿಗೆ ಗಂಟೆಯ ಅರ್ಥ ಆಗುವುದಿಲ್ಲ. ಐದನೆಯ ವರ್ಷಕ್ಕೆ ಅದನ್ನು ಕಾದಿರಿಸಿ.

ಎರಡನೆಯ ವರ್ಷಕ್ಕೆ ನಾನು ಹೇಳುವುದು ‘777 ಚಾರ್ಲಿ’. 2022ರ ಜೂನ್ 10ರಂದು ಬಿಡುಗಡೆಯಾದ ಈ ಚಿತ್ರದ ನಿರ್ದೇಶಕ ಕಿರಣ್‌ರಾಜ್ ಅವರು ನಮ್ಮ ಕಾಸರಗೋಡಿನವರು. ನಾಯಕ ಉಡುಪಿಯ ರಕ್ಷಿತ್ ಶೆಟ್ಟಿ. ಕನ್ನಡದಲ್ಲಿ ತಯಾರಾದ ಚಿತ್ರ ಅದೇ ದಿನ ಮಲಯಾಳದಲ್ಲಿಯೂ ತೆರೆಕಂಡಿತು; ಕೇರಳದಲ್ಲಿ ಅದನ್ನು ತಂದವರು ಪೃಥ್ವಿರಾಜ್ ಅವರ ಸಂಸ್ಥೆ. 2023ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿಯೂ ಅದಕ್ಕೇ ಬಂತು. ಒಂಟಿಯಾಗಿ ಬದುಕುವ ಧರ್ಮ ಎಂಬ ಸಿಡುಕನ ಮನೆಗೆ ಚಾರ್ಲಿ ಎಂಬ ಹೆಣ್ಣುನಾಯಿ ಬಂದು ಅವನ ಬಾಳನ್ನೇ ಬದಲಿಸುವುದು ಅದರ ಕತೆ. ಕೇಳುವ ಹೆಸರೂ ಎರಡು ಭಾಷೆಗೆ ಒಂದೇ: ಚಾರ್ಲಿ.

ಇಲ್ಲೊಂದು ಎಚ್ಚರಿಕೆ. ಮಗುವಿಗೆ ಆ ಸಿನಿಮಾವನ್ನು ಹಾಕಿ ತೋರಿಸಬೇಡಿ. ಎರಡೂವರೆ ಗಂಟೆಗೂ ದೀರ್ಘವಾದ ಚಿತ್ರ. ಕೊನೆ ದುಃಖದ್ದು, ಮೀಸೆ ಬಂದವರೇ ಕಣ್ಣೊರೆಸಿಕೊಂಡು ಎದ್ದುಬಂದರು. ಎರಡು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮಗೆ ಬೇಕಾದುದು ಕತೆಯಲ್ಲ. ನಾಯಿ, ಇಡ್ಲಿ, ಹಿಮ ಮತ್ತು ಒಂದು ಬಂಡಿ, ಈ ನಾಲ್ಕನ್ನು ಮಾತ್ರ ಆ ಚಿತ್ರದಿಂದ ಎತ್ತಿಕೊಳ್ಳೋಣ.

ಈಗ ಒಂದು ಪಟ್ಟಿ ಮಾಡಿ. ಪಟ್ಟಿ ಎಂದ ಕೂಡಲೇ ಮಲಯಾಳ ಬಲ್ಲ ಶ್ರೋತೃಗಳು ನಗಬಹುದು, ಅವರಿಗೆ ಪಟ್ಟಿ ಎಂದರೆ ನಾಯಿ. ಈ ಹುಟ್ಟುಹಬ್ಬಕ್ಕೆ ಎರಡೂ ಪಟ್ಟಿ ಬೇಕು.

ಪಟ್ಟಿಯ ಮೊದಲ ಸಾಲು ಸಮಯ. ಸಭಾಭವನ ಸಂಜೆ 7ಕ್ಕೆ ಸಿಗುತ್ತದೆ ಎಂದು 7ಕ್ಕೆ ಇಟ್ಟರೆ, ಹಬ್ಬದ ಒಡೆಯ ನಿದ್ದೆಗೆ ಅಳುತ್ತಿರುತ್ತಾನೆ. ಈ ವಯಸ್ಸಿನ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಬೆಳಗ್ಗೆ ಹತ್ತಕ್ಕೆ ಆರಂಭಿಸಿ, ಹನ್ನೊಂದೂವರೆಗೆ ಮುಗಿಸಿ. ಮಕ್ಕಳು ಆರೇಳು ಮಂದಿ ಸಾಕು, ಪ್ರತಿಯೊಂದು ಮಗುವಿನ ಜೊತೆಗೂ ಅದರದೇ ಮನೆಯ ದೊಡ್ಡವರೊಬ್ಬರಿರಲಿ. ಊರಿಗೆಲ್ಲ ಊಟ ಹಾಕುವ ಆಸೆ ಇದ್ದರೆ ಅದನ್ನು ಮಧ್ಯಾಹ್ನ, ಮಗು ಮಲಗಿದ ಮೇಲೆ, ಬೇರೆಯಾಗಿ ಮಾಡಿ.

ಎರಡನೆಯದು ಅಲಂಕಾರ. ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ, ಒಂದು ದೊಡ್ಡ ಬೊಟ್ಟು, ಅದರ ಮೇಲೆ ನಾಲ್ಕು ಸಣ್ಣ ಬೊಟ್ಟು ಇಟ್ಟರೆ ನಾಯಿಯ ಹೆಜ್ಜೆ. ಗೇಟಿನಿಂದ ಜಗಲಿಯವರೆಗೆ ಹೀಗೆ ಹೆಜ್ಜೆ ಬಿಡಿಸಿ. ಬರುವ ಮಕ್ಕಳು ಅದರ ಮೇಲೆಯೇ ಕಾಲಿಟ್ಟುಕೊಂಡು ಬರುತ್ತವೆ, ಅದೇ ಮೊದಲ ಆಟ. ಮಳೆಗಾಲವಾದರೆ ಹೆಜ್ಜೆಗಳು ಜಗಲಿಯಿಂದ ಚಾವಡಿಗೆ ಹೋಗಲಿ. ಚಿತ್ರದಲ್ಲಿ ಚಾರ್ಲಿಗೆ ಹಿಮವೆಂದರೆ ಪ್ರಾಣ. ಹಿಮಕ್ಕೆಂದು ಹತ್ತಿ ಹರಡಬೇಡಿ, ಮಕ್ಕಳು ಬಾಯಿಗೆ ಹಾಕುತ್ತವೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಅಜ್ಜನ ಎರಡು ಬಿಳಿ ಮುಂಡನ್ನು ದಿಂಬುಗಳ ಮೇಲೆ ಹಾಸಿ, ಹಿಮದ ಗುಡ್ಡ ಸಿದ್ಧ. ಹತ್ತಿ ಉರುಳಲಿ.

ಅಡಿಕೆ ಹಾಳೆಯ ಟೊಪ್ಪಿ ನಮ್ಮ ಮುಟ್ಟಾಳೆ, ಮಲಯಾಳದವರ ಪಾಳತ್ತೊಪ್ಪಿ. ಅದಕ್ಕೆ ಎರಡು ಜೋಲುಕಿವಿ ಹೊಲಿದರೆ ಮಗು ಚಾರ್ಲಿಯಾಗುತ್ತದೆ. ಅಂಚು ಚುಚ್ಚದಂತೆ ಬಟ್ಟೆ ಸುತ್ತಿ. ಗಲ್ಲಕ್ಕೆ ದಾರ ಕಟ್ಟಬೇಡಿ. ಮಗು ಟೊಪ್ಪಿ ಎಸೆದರೆ ಎಸೆಯಲಿ, ಫೋಟೋಕ್ಕಾಗಿ ಮತ್ತೆ ಮತ್ತೆ ತೊಡಿಸಬೇಡಿ.

ಮೂರನೆಯದು ಆಟ. ಧರ್ಮ ತನ್ನ ಮೋಟಾರುಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಚಾರ್ಲಿಯನ್ನು ಕೂರಿಸಿಕೊಂಡು ಹಿಮಾಲಯಕ್ಕೆ ಹೋಗುತ್ತಾನೆ. ಆ ಬಂಡಿ ನಮ್ಮ ತೋಟದಲ್ಲಿಯೇ ಬಿದ್ದಿದೆ. ಉದ್ದನೆಯ ಅಡಿಕೆ ಹಾಳೆಯ ಮೇಲೆ ಮಗುವನ್ನು ಕೂರಿಸಿ, ದೊಡ್ಡ ಮಕ್ಕಳು ಸೋಗೆಯ ತುದಿ ಹಿಡಿದು ಅಂಗಳದಲ್ಲಿ ಮೆಲ್ಲನೆ ಎಳೆಯಲಿ. ನಾವೆಲ್ಲ ಹಾಗೆ ಎಳೆಸಿಕೊಂಡು ದೊಡ್ಡವರಾದವರು. ಕನ್ನಡ ಬಾರದ ಮಗುವಿಗೂ ಮಲಯಾಳ ಬಾರದ ಮಗುವಿಗೂ ಈ ಆಟ ವಿವರಿಸಬೇಕಿಲ್ಲ.

ನಾಲ್ಕನೆಯದು ತಿಂಡಿ. ಸಿನಿಮಾ ಎಂದ ಕೂಡಲೇ ಪಾಪ್‌ಕಾರ್ನ್ ನೆನಪಾಗುತ್ತದೆ. ನಾಲ್ಕು ವರ್ಷ ತುಂಬದ ಮಕ್ಕಳ ಕೈಗೆ ಅದನ್ನು ಕೊಡಬೇಡಿ. ನೆಲಗಡಲೆ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿಗಳೂ ಬೇಡ. ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆಗೆ ಓಡುವಷ್ಟೂ ಹೊತ್ತು ಸಿಗಲಿಕ್ಕಿಲ್ಲ. ಒಡೆದ ಬೆಲೂನಿನ ಚೂರು ಇನ್ನೂ ಅಪಾಯ. ಬೆಲೂನು ಕಟ್ಟಲೇಬೇಕೆಂದಿದ್ದರೆ ಮಾಡಿಗೆ ಹತ್ತಿರ ಕಟ್ಟಿ, ಒಡೆದದ್ದನ್ನು ಆ ಕ್ಷಣವೇ ಹೆಕ್ಕಿ. ಪಟ್ಟೆಂದು ಸಿಡಿದು ಬಣ್ಣದ ಕಾಗದ ಹಾರಿಸುವ ಕೊಳವೆಗಳು ಮಗುವಿನ ಕಿವಿಗೂ ಕಣ್ಣಿಗೂ ಒಳ್ಳೆಯದಲ್ಲ.

ಚಿತ್ರದಲ್ಲಿ ಧರ್ಮನಿಗೆ ದಿನವೂ ಇಡ್ಲಿ, ಚಾರ್ಲಿಗೂ ಇಡ್ಲಿ. ಇದಕ್ಕಿಂತ ಅನುಕೂಲ ಬೇರೇನು ಬೇಕು? ಒಂದು ದೊಡ್ಡ ಇಡ್ಲಿ, ನಾಲ್ಕು ಸಣ್ಣ ಇಡ್ಲಿಗಳನ್ನು ಹಾಳೆ ತಟ್ಟೆಯಲ್ಲಿ ಹೆಜ್ಜೆಯ ಹಾಗೆ ಜೋಡಿಸಿ, ಮೇಲೆ ತುಪ್ಪ ಹಾಕಿ. ಬೇಯಿಸಿ ಕಿವುಚಿದ ನೇಂದ್ರ ಬಾಳೆಹಣ್ಣು ಜೊತೆಗಿರಲಿ. ಕೇಕು ದೊಡ್ಡವರಿಗೂ ದೊಡ್ಡ ಮಕ್ಕಳಿಗೂ ಇರಬಹುದು, ಎರಡು ವರ್ಷದವನ ಬಾಯಿಗೆ ಹತ್ತು ಕೈಗಳು ಕೇಕು ತುರುಕುವ ಪದ್ಧತಿ ಮಾತ್ರ ಬೇಡ.

ಐದನೆಯದು ಎಲ್ಲಕ್ಕಿಂತ ಮುಖ್ಯ. ನಾಯಿಯ ಹೆಸರಿನ ಹಬ್ಬಕ್ಕೆ ನಿಜವಾದ ನಾಯಿಯನ್ನು ತರಬೇಡಿ. ಗದ್ದಲದಲ್ಲಿ ಸಾಧು ನಾಯಿಯೂ ಗಾಬರಿಗೊಂಡು ಬಾಯಿ ಹಾಕೀತು. ನಾಯಿಯನ್ನು ಒಳಗೆ ಸೇರಿಸದ ಮನೆಯವರು ನಮ್ಮ ನೆರೆಯಲ್ಲಿದ್ದಾರೆ, ಅವರ ಸಂಕೋಚವನ್ನೂ ನಾವು ನೋಡಬೇಕು. ಬಟ್ಟೆಯ ನಾಯಿ ಸಾಕು. ಆದರೆ ಮಗುವಿಗೆ ನಾಯಿಯ ಮೇಲೆ ಪ್ರೀತಿ ಹುಟ್ಟಿಸಿದ ಮೇಲೆ ಒಂದು ಪಾಠವನ್ನೂ ಕಲಿಸುವ ಹೊಣೆ ನಮ್ಮದೇ. ನಮ್ಮ ದಾರಿಗಳಲ್ಲಿ ಬೀದಿನಾಯಿಗಳಿಗೆ ಕೊರತೆಯಿಲ್ಲ. ಅವೆಲ್ಲ ಚಾರ್ಲಿ ಎಂದುಕೊಂಡು ಮಗು ಓಡಿಹೋಗಿ ತಬ್ಬಿಕೊಂಡರೆ? ಬಟ್ಟೆಯ ನಾಯಿಯನ್ನು ಇಟ್ಟುಕೊಂಡೇ ಆಟವಾಗಿ ಹೇಳಿಕೊಡಿ: ತಿನ್ನುವ ನಾಯಿಯನ್ನು ಮುಟ್ಟಬಾರದು, ಮಲಗಿದ ನಾಯಿಯನ್ನು ಎಬ್ಬಿಸಬಾರದು, ಮನೆಯವರನ್ನು ಕೇಳದೆ ಯಾವ ನಾಯಿಯ ಹತ್ತಿರವೂ ಹೋಗಬಾರದು. ಎರಡು ವರ್ಷಕ್ಕೆ ಇದು ಪೂರ್ತಿ ತಲೆಗೆ ಹೋಗದು, ಆದ್ದರಿಂದ ಕಣ್ಣು ನಮ್ಮದೇ ಇರಬೇಕು.

ಕಚ್ಚಿದರೆ, ಬರೀ ಉಗುರು ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಕೂಡಲೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಚುಚ್ಚುಮದ್ದನ್ನು ಬಿಡದೆ ತೆಗೆದುಕೊಳ್ಳಬೇಕು. ಅರಸಿನ, ಸುಣ್ಣ, ಮೆಣಸು ಏನನ್ನೂ ಹಚ್ಚಬಾರದು. ಕನ್ನಡದಲ್ಲಿ ಹುಚ್ಚುನಾಯಿ ರೋಗ ಎನ್ನಿ, ಮಲಯಾಳದಲ್ಲಿ ಪೇವಿಷಬಾಧೆ ಎನ್ನಿ, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಬಂದ ತಂದೆತಾಯಂದಿರಿಗೆ ಊಟದ ಹೊತ್ತಿನಲ್ಲಿ ಇಷ್ಟು ಹೇಳಿದರೆ, ಕೊಟ್ಟ ಉಡುಗೊರೆಗಿಂತ ಅದು ದೊಡ್ಡದು.

ಆರನೆಯದು ಭಾಷೆ. ಆಮಂತ್ರಣದ ಕಾಗದದ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮಲಯಾಳ ಇರಲಿ. ಸಪ್ತಭಾಷೆಗಳ ನಾಡು ನಮ್ಮದು ಎಂದು ವೇದಿಕೆಯಲ್ಲಿ ಹೇಳುತ್ತೇವೆ, ಮನೆಯಲ್ಲಿ ಮಗುವಿನೊಡನೆ ಮಾತ್ರ ಅರ್ಧಂಬರ್ಧ ಇಂಗ್ಲಿಷ್ ಆಡುತ್ತೇವೆ. ಹಾಗೆ ಮಾಡದೆ, ಅಜ್ಜಿ ಕನ್ನಡದಲ್ಲಿ ‘ನಾಯಿ’ ಎನ್ನಲಿ, ನೆರೆಮನೆಯ ಅಮ್ಮೂಮ್ಮ ‘ಪಟ್ಟಿ’ ಎನ್ನಲಿ. ಮಗು ಗಲಿಬಿಲಿಗೊಳ್ಳುವುದಿಲ್ಲ. ಯಾರ ಮುಖಕ್ಕೆ ಯಾವ ಮಾತು ಎಂದು ಅದು ನಮಗಿಂತ ಬೇಗ ಕಲಿಯುತ್ತದೆ. ನಾಳೆ ಅದು ಕನ್ನಡ ಶಾಲೆಗೆ ಹೋಗಬೇಕೇ ಬೇಡವೇ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ಆ ಚರ್ಚೆಯ ಉತ್ತರ ಅರ್ಧ ಇಲ್ಲಿಯೇ ತೀರ್ಮಾನವಾಗುತ್ತದೆ: ನಗುವಾಗ, ತಿನ್ನುವಾಗ, ಆಡುವಾಗ ಕಿವಿಗೆ ಬಿದ್ದ ಭಾಷೆಯನ್ನು ಮಗು ಬಿಡುವುದಿಲ್ಲ.

ಕೊನೆಯದು ಲೆಕ್ಕ. ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು ಅದನ್ನು ಹೇಳದೆ ಮಾತು ಮುಗಿಸುವುದು ಹೇಗೆ? ಮಗುವಿನ ಮೊದಲೆರಡು ಹುಟ್ಟುಹಬ್ಬಕ್ಕೆಂದು ಬಳೆ ಅಡವಿಟ್ಟವರನ್ನು ಕೌಂಟರಿನ ಈಚೆಯಿಂದ ಕಂಡಿದ್ದೇನೆ. ಹಬ್ಬ ಒಂದು ಸಂಜೆಯದು, ಬಡ್ಡಿ ಮುಂದಿನ ಹುಟ್ಟುಹಬ್ಬದವರೆಗೂ ಬರುತ್ತದೆ. ಹಾಳೆ, ಅಕ್ಕಿಹಿಟ್ಟು, ಮುಂಡು, ಇಡ್ಲಿಗಳಿಂದ ನಡೆದ ಹಬ್ಬದಲ್ಲಿ ಸಭಾಭವನದ ಬಾಡಿಗೆ ಉಳಿಯುತ್ತದೆ, ಫ್ಲೆಕ್ಸಿನ ಹಣ ಉಳಿಯುತ್ತದೆ. ಉಳಿದದ್ದನ್ನು ಮರುದಿನವೇ ಮಗುವಿನ ಹೆಸರಿನಲ್ಲಿ ಖಾತೆ ತೆರೆದು ಹಾಕಿ. ಹೆಣ್ಣುಮಗುವಾದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆ ಇದೆ. ಹತ್ತು ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ತೆರೆಯಬಹುದು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೆ ಸಾಕು. ಪ್ರತಿ ಹುಟ್ಟುಹಬ್ಬದ ಮರುದಿನ ಕಟ್ಟುವ ಅಭ್ಯಾಸವಿಟ್ಟುಕೊಂಡರೆ ತಾರೀಖು ಮರೆಯುವುದಿಲ್ಲ.

ಇನ್ನೊಂದೇ ಮಾತು. ಫೋಟೋ ತೆಗೆಯುವವರಿಗೆ ಹೇಳಿ, ನೆಲದ ಮೇಲೆ ಕುಳಿತು ಒಂದನ್ನಾದರೂ ತೆಗೆಯಲಿ. ಆ ಎತ್ತರದಿಂದ ಕಾಣುವುದು ಹಾಳೆಯ ಬಂಡಿ, ಇಡ್ಲಿಯ ಹೆಜ್ಜೆ, ಪಕ್ಕದ ಮನೆಯ ಮಗುವಿನ ಮುಖ. ದೊಡ್ಡವನಾದ ಮೇಲೆ ಮಗು ಅದನ್ನು ನೋಡಿ ‘ಇದು ಯಾವ ಸಿನಿಮಾ?’ ಎಂದು ಕೇಳಿದರೆ, ಅಂದು ಕುಳಿತು ‘ಚಾರ್ಲಿ’ಯನ್ನು ಪೂರ್ತಿ ತೋರಿಸಿ. ನಮ್ಮ ಊರಿನವರೊಬ್ಬರು ಮಾಡಿದ ಚಿತ್ರ ಎಂದು ಹೇಳುವುದನ್ನು ಮರೆಯಬೇಡಿ.

ನಿಮ್ಮ ಮನೆಯ ಮಕ್ಕಳಿಗೆಲ್ಲ ಆಯುಸ್ಸು, ಆರೋಗ್ಯ ಹಾರೈಸುತ್ತೇನೆ.