ಬೀಗದ ಕೈ ಯಾರ ಹತ್ತಿರ?



ದೀಪ ಹಚ್ಚಿದ್ದಾಯಿತು. ಮಳಿಗೆಗಳನ್ನು ನೋಡಲು ನಿಮಗೆಲ್ಲ ಅವಸರ ಇದೆ, ಗೊತ್ತು. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಆಮಂತ್ರಣದಲ್ಲಿ ಇದನ್ನು ಸಹಕಾರ ಮೇಳ ಎಂದಿದ್ದೀರಿ. ಸಹಕಾರ ಎಂದ ಕೂಡಲೇ ನಮ್ಮ ಭಾಷಣಕಾರರಿಗೆ ಒಗ್ಗಟ್ಟು, ಸೇವಾ ಮನೋಭಾವ, ದೊಡ್ಡ ಮನಸ್ಸು ಎಲ್ಲ ನೆನಪಾಗುತ್ತವೆ. ನನಗೆ ನೆನಪಾಗುವುದು ಬೀರುವಿನ ಬೀಗದ ಕೈ. ಶಾಲೆಯ ಕಂಪ್ಯೂಟರ್ ಕೋಣೆಗೆ ಸಂಜೆಯಾಗುತ್ತಲೇ ಬೀಗ ಬೀಳುತ್ತದೆ. ಅದೇ ಊರಿನ ಹುಡುಗ ಒಂದು ಅರ್ಜಿ ತುಂಬಲು ಪೇಟೆಯ ಸೈಬರ್ ಅಂಗಡಿಗೆ ಬಸ್ಸು ಹತ್ತುತ್ತಾನೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ದಾಸ್ತಾನು ವಹಿಯಲ್ಲಿ ಇರುವುದು ಮುಖ್ಯೋಪಾಧ್ಯಾಯರ ಸಹಿ. ಒಂದು ಮೌಸ್ ಕಾಣೆಯಾದರೂ ಉತ್ತರ ಹೇಳಬೇಕಾದವರು ಅವರೇ. ಕೊಟ್ಟರೆ ಬೆನ್ನು ತಟ್ಟುವವರಿಲ್ಲ; ಕಳೆದರೆ ಆಡಿಟ್ ಆಕ್ಷೇಪಣೆ ನಿವೃತ್ತಿಯ ದಿನದವರೆಗೂ ಹಿಂದೆ ಬರುತ್ತದೆ. ಅಂಥವರಿಗೆ ಸಹಕಾರದ ಉಪದೇಶ ಮಾಡುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಹಾಗೆಂದು ಸರ್ಕಾರಿ ಸೇವೆಗಳಿಗೆ ಹಂಚಿಕೊಂಡು ಬಾಳುವುದೇ ಗೊತ್ತಿಲ್ಲ ಎನ್ನಬೇಡಿ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಪೋಲಿಯೊ ಹನಿ ಹಾಕುವ ಭಾನುವಾರಗಳಂದು ಏನಾಗುತ್ತಿತ್ತು, ನೆನಪು ಮಾಡಿಕೊಳ್ಳಿ. ಲಸಿಕೆ ಆರೋಗ್ಯ ಇಲಾಖೆಯದು, ಕೋಣೆ ಶಾಲೆಯದು, ಮಕ್ಕಳ ಪಟ್ಟಿ ಅಂಗನವಾಡಿಯದು, ಮೇಜು ಹಾಕಲು ಜಾಗ ಬಸ್ ನಿಲ್ದಾಣದ್ದು. ಯಾರ ವಸ್ತು ಯಾರ ಕೈಯಲ್ಲಿದೆ ಎಂದು ಯಾರೂ ಕೇಳಲಿಲ್ಲ. ಸಹಜವಾಗಿ ಹರಡುವ (ವೈಲ್ಡ್) ಪೋಲಿಯೊದ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಚುನಾವಣೆಯಲ್ಲೂ ಹೀಗೆಯೇ: ಶಾಲೆ ಮತಗಟ್ಟೆಯಾಗುತ್ತದೆ, ಮೇಷ್ಟ್ರು ಮತಗಟ್ಟೆ ಅಧಿಕಾರಿಯಾಗುತ್ತಾರೆ, ಸಾರಿಗೆ ಸಂಸ್ಥೆಯ ಬಸ್ಸು ಪೆಟ್ಟಿಗೆ ಹೊರುತ್ತದೆ. ಮೇಲಿಂದ ಆದೇಶ ಇದೆ, ಯಾರು ಯಾವುದಕ್ಕೆ ಜವಾಬ್ದಾರರು ಎಂದು ಅದರಲ್ಲಿ ಬರೆದಿದೆ, ಆದ್ದರಿಂದ ಭಯವಿಲ್ಲ. ಮಾರನೆಯ ದಿನ ಮತ್ತೆ ಬೀಗ.

ಒಂದು ದಿನ ಆಗುವುದನ್ನು ವರ್ಷವಿಡೀ ಮಾಡಿದವರೂ ಇದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಗೆ ಹೋಗಿ ನೋಡಿ. ಉಡುಪಿ ಜಿಲ್ಲೆಯ ಸುಮಾರು 40 ಗ್ರಾಮ ಪಂಚಾಯತಿಗಳ ಒಣ ಕಸಕ್ಕಾಗಿ ಅಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಂದು ಘಟಕ ಕಟ್ಟಿದರು. ಒಂದೇ ಪಂಚಾಯತಿ ಇದನ್ನು ಏಕೆ ಮಾಡಲಾಗದು? ಲೆಕ್ಕ ಸುಲಭ. ಒಂದು ಊರಿನ ಪ್ಲಾಸ್ಟಿಕ್‌ನಿಂದ ಒಂದು ಲಾರಿ ತುಂಬಲು ವಾರಗಟ್ಟಲೆ ಕಾಯಬೇಕು. ಲಾರಿ ತುಂಬದೆ ಕೊಳ್ಳುವವನು ಬರುವುದಿಲ್ಲ. ಕಸವನ್ನು ಒತ್ತಿ ಬೇಲು ಕಟ್ಟುವ ಯಂತ್ರ ಒಂದೇ ಊರಿನದಾದರೆ ದಿನದ ಬಹುಪಾಲು ಸುಮ್ಮನೆ ನಿಂತಿರುತ್ತದೆ, ಅದರ ಸಾಲ ಮಾತ್ರ ನಿಲ್ಲುವುದಿಲ್ಲ. ಚಿಪ್ಸ್ ಪೊಟ್ಟಣದಂಥ ಬೆಲೆಯಿಲ್ಲದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬೇಕಾದರಂತೂ ರಾಶಿಯೇ ಬೇಕು. ಹತ್ತಾರು ಊರು ಸೇರಿದಾಗ ಮಾತ್ರ ಆ ಕಸಕ್ಕೆ ಒಂದು ದಾರಿ. ಮನೆಮನೆಯಲ್ಲಿ ಬೇರ್ಪಡಿಸುವ ಕೆಲಸ ಆಯಾ ಪಂಚಾಯತಿಯದೇ ಉಳಿಯಿತು, ಅದು ಉಳಿಯಲೇಬೇಕು. ಯಾವುದು ಊರಿನದು, ಯಾವುದು ಕೂಡಿಕೆಯದು ಎಂಬ ಗೆರೆ ಎಳೆದದ್ದೇ ನಿಜವಾದ ಜಾಣತನ.

ಹಳೆ ಮೈಸೂರಿನ ಕೆರೆ ಊರುಗಳಿಗೆ ಈ ಗೆರೆ ಚೆನ್ನಾಗಿ ಗೊತ್ತಿತ್ತು. ಗದ್ದೆ ಅವರವರದು, ತೂಬು ಎಲ್ಲರದು. ತೂಬಿನ ಹೊಣೆ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ, ಸುಗ್ಗಿಯಲ್ಲಿ ಎಲ್ಲ ರೈತರೂ ಅವನಿಗೆ ಕಾಳು ಅಳೆಯುತ್ತಿದ್ದರು. ಎಲ್ಲರೂ ಕೊಡುತ್ತಿದ್ದರಿಂದ ಅವನು ಯಾರೊಬ್ಬರ ಆಳೂ ಆಗಿರಲಿಲ್ಲ. (ಆ ಕೆಲಸ ಮಾಡುತ್ತಿದ್ದ ಕುಟುಂಬಗಳಿಗೆ ಊರು ಕೊಟ್ಟ ಮರ್ಯಾದೆ ಎಷ್ಟು ಎಂಬುದು ಬೇರೆ ಕಥೆ, ಆ ವ್ಯವಸ್ಥೆಯನ್ನು ಹೊಗಳುವಾಗ ಅದನ್ನು ಮರೆಯಬಾರದು.) ಹಂಚಿಕೊಂಡ ವಸ್ತುವಿಗೆ ಸಂಬಳ ಪಡೆಯುವ ಒಂದು ಕೈ ಬೇಕು. ಎಲ್ಲರೂ ಸೇರಿ ನೋಡಿಕೊಳ್ಳುತ್ತೇವೆ ಎಂದ ಯಂತ್ರಕ್ಕೆ ಗ್ರೀಸ್ ಹಾಕುವವರು ಯಾರೂ ಇರುವುದಿಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪುರಸಭೆಯ ಸಕ್ಕಿಂಗ್ ಯಂತ್ರ ಪಟ್ಟಣದ ಗಡಿಯಲ್ಲಿ ನಿಂತುಬಿಟ್ಟರೆ, ಗಡಿಯಾಚೆಯ ಹಳ್ಳಿಯ ಶೌಚದ ಗುಂಡಿ ತುಂಬಿದಾಗ ಮನುಷ್ಯನನ್ನೇ ಇಳಿಸುವ ಯೋಚನೆ ಯಾರಿಗಾದರೂ ಬರುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಗೆ ಪುರಸಭೆ, ಪಂಚಾಯತಿ ಎಂಬ ಭೇದವಿಲ್ಲ. ಯಂತ್ರಕ್ಕೇಕೆ ಇರಬೇಕು? ಡೀಸೆಲ್ ಯಾರದು, ಚಾಲಕನ ಭತ್ಯೆ ಯಾರದು, ತೆಗೆದ ಮಲವನ್ನು ಎಲ್ಲಿ ಸುರಿಯಬೇಕು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ನಡಾವಳಿ ಮಾಡಿದರೆ ಆ ಗಾಡಿ ಹಳ್ಳಿಗೂ ಬರುತ್ತದೆ.

ಗ್ರಂಥಾಲಯದವರು ಇಲ್ಲಿ ದೊಡ್ಡ ಮಳಿಗೆ ಹಾಕಿದ್ದಾರೆ, ಸಂತೋಷ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಶಾಲೆಯ ಮಕ್ಕಳು, ಪಂಚಾಯತಿಯ ಪುಸ್ತಕ. ಆಗ ಪುಸ್ತಕ ಹರಿಯಲಿಲ್ಲವೇ? ಹರಿಯಿತು. ಓದಿದ ಪುಸ್ತಕ ಹರಿಯುತ್ತದೆ. ಅದನ್ನು ಸವೆತ ಎಂದು ಬರೆದುಕೊಳ್ಳಬೇಕೇ ಹೊರತು ಮೇಲ್ವಿಚಾರಕರ ಗೌರವಧನದಿಂದ ಮುರಿದುಕೊಳ್ಳಬಾರದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಹೊರಬಾಗಿಲಿನ ಬಳಿ ಸಂಘಟಕರು ಒಂದು ದೊಡ್ಡ ಹಲಗೆ ಇಟ್ಟಿದ್ದಾರೆ. ಪ್ರತಿ ಪಂಚಾಯತಿ, ಪ್ರತಿ ಶಾಲೆ, ಪ್ರತಿ ಆರೋಗ್ಯ ಕೇಂದ್ರ ತಾನು ಬಳಸದೆ ಇಟ್ಟಿರುವ ಒಂದು ವಸ್ತುವನ್ನು ಅದರ ಮೇಲೆ ಬರೆಯಲಿ: ಜನರೇಟರ್, ಪ್ರೊಜೆಕ್ಟರ್, ಭಾನುವಾರ ಖಾಲಿ ಇರುವ ಕೋಣೆ, ಏನಾದರೂ ಸರಿ. ಯಾವ ಹೊತ್ತಿಗೆ ಕೊಡಬಹುದು, ಬೀಗದ ಕೈ ಯಾರ ಹತ್ತಿರ ಎಂಬುದನ್ನೂ ಬರೆಯಲಿ. ಲೆಕ್ಕಪರಿಶೋಧನೆಯವರು ಸಭೆಯಲ್ಲಿದ್ದರೆ ದಯವಿಟ್ಟು ಮಧ್ಯಾಹ್ನದವರೆಗೆ ಉಳಿಯಿರಿ. ಎರವಲು ಕೊಟ್ಟ ವಸ್ತುವನ್ನು ವಹಿಯಲ್ಲಿ ಹೇಗೆ ತೋರಿಸಿದರೆ ಆಕ್ಷೇಪಣೆ ಬರುವುದಿಲ್ಲ ಎಂದು ಇಲ್ಲಿರುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಅರ್ಧ ಗಂಟೆ ಹೇಳಿಕೊಡಿ. ನನ್ನ ಭಾಷಣಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೇಳ ಉದ್ಘಾಟನೆಯಾಗಿದೆ.