ರಿಪೀಟರ್ ಸುಮ್ಮನಾದಾಗ



1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಸೋಲಾಪುರ, ಅಕ್ಕಲಕೋಟ ಸೀಮೆಯ ಹಿರಿಯರಿಗೆಲ್ಲ ನೆನಪಿದೆ. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದೆವು. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷವಿರುವಾಗ ಪಾತ್ರೆಗಳು ಸದ್ದು ಮಾಡಿದವು, ಎಲ್ಲರೂ ಅಂಗಳಕ್ಕೆ ಓಡಿದೆವು. ಕಿಲ್ಲಾರಿಯ ಸುತ್ತ ಸುಮಾರು ಹತ್ತು ಸಾವಿರ ಜನ ಸತ್ತರೆಂಬುದು ಆಮೇಲೆ ತಿಳಿದ ಲೆಕ್ಕ. ಆ ಹೊತ್ತಿನಲ್ಲಿ ನಮಗೆ ಬೇಕಾಗಿದ್ದುದು ಒಂದೇ ಸುದ್ದಿ: ಆ ಕಡೆಯ ನೆಂಟರು ಇದ್ದಾರೋ ಇಲ್ಲವೋ. ಹೇಳುವವರು ಯಾರೂ ಇರಲಿಲ್ಲ. ನಾನು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಂ ರೇಡಿಯೊ ಕಲಿತದ್ದು ಆ ಬೆಳಗಿನ ಕಾರಣದಿಂದ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಮೊಬೈಲ್ ಗೋಪುರಕ್ಕೆ ಕರೆಂಟು ಬೇಕು. ಕರೆಂಟು ಹೋದರೆ ಅದರ ಬ್ಯಾಟರಿ ಕೆಲವು ತಾಸು ತಾಳುತ್ತದೆ, ಅಷ್ಟೆ. ಹ್ಯಾಂಗಳಾದ ನಮಗೂ ಇಂಥದೇ ಒಂದು ಊರುಗೋಲು ಇದೆ. ಅದಕ್ಕೆ ರಿಪೀಟರ್ ಎನ್ನುತ್ತೇವೆ. ಗುಡ್ಡದ ಮೇಲೆ ಕೂತ ಈ ಯಂತ್ರ ನಮ್ಮ ಮಾತನ್ನು ಒಂದು ತರಂಗದಲ್ಲಿ ಕೇಳಿ ಇನ್ನೊಂದರಲ್ಲಿ ಜೋರಾಗಿ ಬಿಡುತ್ತದೆ. ಐದು ವ್ಯಾಟಿನ ಕೈಸೆಟ್ಟು ಹಿಡಿದವನೂ ದೂರದ ತಾಲೂಕಿಗೆ ಮಾತಾಡಬಹುದು. ಸುಖವಾಗಿದೆ. ಆ ಸುಖವೇ ಕೇಡು ಕೂಡ. ಸಿಡಿಲು ಬಡಿದು ಅದು ಸುಮ್ಮನಾದ ದಿನ, ಅದನ್ನೇ ನಂಬಿದ ಹ್ಯಾಂ ಮೂಕನಾಗುತ್ತಾನೆ.

ಅದಕ್ಕೇ ನಾವು ಮೂವರು ಗೆಳೆಯರು ತಿಂಗಳಿಗೊಂದು ಭಾನುವಾರ, ರಿಪೀಟರ್ ಸತ್ತಿದೆ ಎಂದುಕೊಂಡು ಅಭ್ಯಾಸ ಮಾಡುತ್ತೇವೆ. ಬಯಲು ನೆಲದಲ್ಲಿ ನಿಂತ ಇಬ್ಬರ ಕೈಸೆಟ್ಟುಗಳ ನೇರ ಮಾತು ಐದೋ ಹತ್ತೋ ಕಿಲೋಮೀಟರು ಹೋದೀತು. ಭೂಮಿ ದುಂಡಗಿದೆಯಲ್ಲ, ಅದೇ ಅಡ್ಡ. ಎರಡೂ ಕಡೆ ಆಂಟೆನಾವನ್ನು ಮೂವತ್ತು ಅಡಿ ಏರಿಸಿದರೆ ಇಪ್ಪತ್ತೈದರ ಹತ್ತಿರ. ಅಕ್ಕಲಕೋಟದಿಂದ ಸೋಲಾಪುರ ಸುಮಾರು ನಲವತ್ತು. ಆದ್ದರಿಂದ ವಳಸಂಗದಲ್ಲಿ ಒಬ್ಬರನ್ನು ಕೂರಿಸಿದೆವು; ಅವರು ಇಲ್ಲಿಯ ಮಾತು ಬರೆದುಕೊಂಡು ಅಲ್ಲಿಗೆ ಓದಿ ಹೇಳಬೇಕು.

ಮೊದಲನೆಯ ಸಲವೇ ಪಾಠವಾಯಿತು. ನಾನು ಇಲ್ಲಿಂದ ಎಂಬತ್ತು ಚಾದರ ಬೇಕೆಂದು ಹೇಳಿದೆ. ಸೋಲಾಪುರದಲ್ಲಿ ಬರೆದದ್ದು ಒಂಬತ್ತು. ಚಾದರದ ಊರಿನಲ್ಲೇ ಚಾದರಕ್ಕೆ ಬರ! ಗರಗರ ಸದ್ದಿನಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ. ಮರಾಠಿಗೆ ಹೋದರೆ ಅಲ್ಲಿ ಸಾತ್ ಅಂದರೆ ಏಳು, ಸಾಠ್ ಅಂದರೆ ಅರವತ್ತು, ಅದೂ ಮೋಸವೇ. ನಿಜವಾದ ದಿನವಾಗಿದ್ದರೆ ಎಪ್ಪತ್ತೊಂದು ಜನ ರಾತ್ರಿಯಿಡೀ ನಡುಗಬೇಕಿತ್ತು. ಈಗ ‘ಎಂಟು, ಸೊನ್ನೆ’ ಎಂದು ಅಂಕಿ ಬಿಡಿಸಿ ಹೇಳುತ್ತೇವೆ, ಕೇಳಿದವರು ತಿರುಗಿ ಓದುತ್ತಾರೆ, ಸರಿ ಎಂದ ಮೇಲೆಯೇ ಮುಂದಿನ ಸಾಲು. ಎರಡು ಭಾಷೆ ಬಲ್ಲ ಊರಿನವರು ಇನ್ನೂ ಒಂದು ಮಾತು ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು: ಅಂಕಿ ಯಾವ ಭಾಷೆಯಲ್ಲಿ ಎಂಬುದು.

ವಯನಾಡು, ನೀಲಗಿರಿಯ ಕೇಳುಗರು ನಗುತ್ತಿರಬಹುದು. ಅಲ್ಲಿ ಎರಡು ಕಿಲೋಮೀಟರಿಗೇ ಗುಡ್ಡ ಅಡ್ಡ. ಅಂಥ ಕಡೆಗೆ 7 ಮೆಗಾಹರ್ಟ್ಸಿನ, ನಾವು ನಲವತ್ತು ಮೀಟರ್ ಎನ್ನುವ ತರಂಗ ಬೇಕು. ಇಪ್ಪತ್ತು ಮೀಟರಿನಷ್ಟು ತಂತಿಯನ್ನು ನಡುವೆ ಕತ್ತರಿಸಿ ಅಲ್ಲಿ ಕೇಬಲ್ ಜೋಡಿಸಿ, ಎರಡು ಮರಗಳ ನಡುವೆ ಹತ್ತು ಹದಿನೈದು ಅಡಿಯಲ್ಲಿ ಕಟ್ಟಿದರಾಯಿತು. ಎತ್ತರ ಬೇಡ. ತಗ್ಗಿನಲ್ಲಿ ಕಟ್ಟಿದ ತಂತಿಯ ತರಂಗ ಹೆಚ್ಚಾಗಿ ನೆತ್ತಿಯ ಮೇಲಕ್ಕೇ ಹೋಗಿ, ಆಕಾಶದ ಅಯಾನು ಪದರಕ್ಕೆ ತಾಗಿ, ಸುತ್ತ ಇನ್ನೂರು ಮುನ್ನೂರು ಕಿಲೋಮೀಟರಿಗೆ ಕೊಡೆಯ ಹಾಗೆ ಇಳಿಯುತ್ತದೆ. ಗುಡ್ಡವನ್ನು ಅದು ದಾಟುವುದಲ್ಲ, ಮೇಲಿನಿಂದ ಬೀಳುವುದು. ರಾತ್ರಿ ಆ ಪದರ ತೆಳುವಾದಾಗ ಎರಡರಷ್ಟು ಉದ್ದದ ತಂತಿ ಕಟ್ಟಿ ಎಂಬತ್ತು ಮೀಟರಿಗೆ ಇಳಿಯುತ್ತೇವೆ.

ಇನ್ನೂ ದೂರಕ್ಕೂ ದಾರಿಯಿದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಂ ಮಹಿಳೆ ತಂಡ ಕಟ್ಟಿಕೊಂಡು ಅಂಡಮಾನಿಗೆ ಹೋಗಿದ್ದರು, ಹವ್ಯಾಸಕ್ಕಾಗಿಯೇ. 26ರಂದು ಸುನಾಮಿ ಬಂತು. ಅದೇ ಸೆಟ್ಟಿನಿಂದ ಅವರು ಸಾವಿರ ಕಿಲೋಮೀಟರಿಗೂ ಆಚೆಯ ನೆಲಕ್ಕೆ, ನಡುವೆ ಯಾವ ರಿಪೀಟರೂ ಇಲ್ಲದೆ, ಬದುಕಿದವರ ಸುದ್ದಿ ಮುಟ್ಟಿಸಿದರು.

ಪರೀಕ್ಷೆ ಪಾಸಾಗಿ ಕೇಂದ್ರ ಸರಕಾರದ ಪರವಾನಗಿ ಪಡೆಯದೆ ಇದರಲ್ಲಿ ಮಾತಾಡುವುದು ಅಪರಾಧ, ಅದನ್ನು ಮರೆಯಬೇಡಿ. ಪರವಾನಗಿ ಇಲ್ಲದವರೂ ಒಂದು ಉಪಕಾರ ಮಾಡಬಹುದು. ನಮ್ಮ ಸೆಟ್ಟು ನಡೆಯುವುದು 12 ವೋಲ್ಟಿನಲ್ಲಿ. ನಿಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಒಂದು ರಾತ್ರಿಗೆ ಸಾಲ ಕೊಡಿ, ತಂತಿ ಕಟ್ಟಲು ಬೇವಿನ ಮರ ತೋರಿಸಿ.

ಬರುವ ಭಾನುವಾರ ಮತ್ತೆ ಅಭ್ಯಾಸವಿದೆ. ಈ ಸಲ ವಳಸಂಗದವರೂ ನಡುವೆ ತಟ್ಟನೆ ಸೆಟ್ಟು ಆರಿಸುತ್ತಾರಂತೆ, ಯಾವಾಗ ಎಂದು ಹೇಳುವುದಿಲ್ಲವಂತೆ. ತಂತಿಯನ್ನು ಈಗಲೇ ಸುತ್ತಿಟ್ಟುಕೊಂಡಿದ್ದೇನೆ.