ತಿದ್ದುವುದು, ತೀಡುವುದು

‘ತಿದ್ದಿ ತೀಡಿ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಇವು ಬೇರೆ ಬೇರೆ ಕೆಲಸಗಳು. ತಿದ್ದುವವನು ತಪ್ಪನ್ನು ಅರಸಿಕೊಂಡು ಬರುತ್ತಾನೆ. ತೀಡುವವನ ಎದುರಿಗಿರುವುದು ಆಗಲೇ ಬಹುಮಟ್ಟಿಗೆ ಸರಿಯಾದ ವಸ್ತು. ಹುಬ್ಬು ತೀಡುತ್ತಾರೆ, ಕಣ್ಣಿಗೆ ಕಾಡಿಗೆ ತೀಡುತ್ತಾರೆ. ಬೆರಳು ಕೂದಲೆಳೆಯಷ್ಟು ಆಚೆ ಸರಿದರೂ ಮುಖವೇ ಕೆಟ್ಟೀತು. ತಂಗಾಳಿಯೂ ತೀಡುತ್ತದೆ. ಬಿರುಗಾಳಿಯನ್ನು ಕುರಿತು ಹಾಗೆನ್ನುವುದು ನನ್ನ ಕಿವಿಗಂತೂ ಒಗ್ಗದು.

ಅಧ್ಯಾಪಕನಾಗಿದ್ದಾಗ ಹುಡುಗನೊಬ್ಬನ ಪ್ರಬಂಧದಲ್ಲಿ ‘ಅವ್ವ’ ಎಂದಿದ್ದೆಡೆಯಲ್ಲೆಲ್ಲ ಕೆಂಪು ಶಾಯಿಯಿಂದ ‘ಮಾತೆ’ ಎಂದು ಬರೆದೆ. ತೀಡಿದೆನೆಂದೇ ನನ್ನ ಭಾವನೆ. ಮರುದಿನ ತರಗತಿಯಲ್ಲಿ ಅದನ್ನು ಓದಲು ನಿಂತ ಹುಡುಗ ಆ ಪದ ಬಂದಾಗಲೆಲ್ಲ ತಡವರಿಸಿದ, ಇನ್ನಾರದೋ ತಾಯಿಯ ವಿಷಯ ಓದುವವನಂತೆ. ಆ ಬರಹಕ್ಕೆ ಬೇಕಾಗಿದ್ದುದು ಒಂದೆರಡು ಅಲ್ಪವಿರಾಮ ಮಾತ್ರ.